ಹಳದಿ ಇಳಿಯುವ ನೀರು

ಮಾವಿನ ತೊಗಟೆಯ ರಸವನ್ನು ಬೇವಿನ ಬುಡಕ್ಕೆ ಚೆಲ್ಲಿ ಬಟ್ಟಲು ಬೋರಲು ಹಾಕಿದ ಮೇಲೆ, ಎಷ್ಟೋ ವರ್ಷಗಳ ನಂತರ ತಾನೊಂದು ಪ್ರಾಮಾಣಿಕ ಕೆಲಸ ಮಾಡಿದೆ ಎಂದು ರಾಜರತ್ನನಿಗೆ ಅನ್ನಿಸಿತು. ಒಳ್ಳೆಯ ಕೆಲಸಕ್ಕೂ ಕಳ್ಳನ ಹಾಗೆ ಸುತ್ತ ನೋಡಬೇಕಾಯಿತಲ್ಲ ಎಂದು ಒಳಗೇ ನಕ್ಕ.

ಅಂಗಳದಲ್ಲಿ ತಂಗಿ ಶಾಮಲಾ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು, ಉಗುರು, ಕೊರಳು ಎಲ್ಲ ಹಳದಿ. ಕಾಮಣಿ ಅನ್ನುವ ಕಾಮಾಲೆ ಹತ್ತಿ ತಿಂಗಳಾಗಿತ್ತು. ಅವಳ ಗಂಡ ಅಮರ್ ಯಾಲಾಲ್‌ನಿಂದ ಬಾಡಿಗೆ ಕಾರು ಮಾಡಿ ಆಗಷ್ಟೇ ಅವಳ ತವರು ಕಲ್ಹೇರಿಗೆ ಕರೆತಂದಿದ್ದ. ಜಹೀರಾಬಾದಿನಲ್ಲಿ ಮಾಡಿಸಿದ ಸ್ಕ್ಯಾನಿಂಗ್ ಫೈಲು ಅವನ ಕಂಕುಳಲ್ಲಿತ್ತು.

"ಪಿತ್ತದ ನಾಳದಾಗ ಏನೋ ಅಡ್ಡ ನಿಂತದಂತ್ರಿ ಅಣ್ಣಾರ. ಇವತ್ತೇ ಹೈದರಾಬಾದಿಗಿ ಒಯ್ದು ಅಡ್ಮಿಟ್ ಮಾಡ್ರಿ, ತಡಾ ಮಾಡಿದ್ರ ಕೈ ಮೀರ್ತದ ಅಂದಾರ. ಇಕಿ ಕೇಳವಲ್ಲಳು."

"ಮೊದಲಿಗಿ ಅಣ್ಣ ನನ್ನ ಕೈ ತೊಳೀಲಿ," ಎಂದಿದ್ದಳು ಶಾಮಲಾ. "ಹಳದಿ ಇಳೀತಂದ್ರ ನಾ ದವಾಖಾನಿಗಿ ಬರಲ್ಲ. ಇಳೀಲಿಲ್ಲಂದ್ರ ನೀವು ಎಲ್ಲಿಗಿ ಅಂತೀರಿ ಅಲ್ಲಿಗಿ ಬರ್ತೀನಿ."

ಅದಕ್ಕೇ ರಸ ಚೆಲ್ಲಿದ್ದು.

ಕಾಮಣಿಗೆ ಕೈ ತೊಳೆಯುವುದು ಅಪ್ಪ ಮೊಗಲಪ್ಪನ ವಿದ್ಯೆ. ರೋಗಿಯ ಅಂಗೈಗೆ ಸುಣ್ಣ ಹಚ್ಚಿ, ತಿಕ್ಕಿ, ನೀರು ಬಿಟ್ಟರೆ ಪಿಂಗಾಣಿ ಬೋಗುಣಿಗೆ ಹಳದಿ ಇಳಿಯುತ್ತಿತ್ತು. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಓದುವಾಗ ರಾಜರತ್ನ ಗುಟ್ಟು ಕಂಡುಕೊಂಡ. ಅಪ್ಪ ಮೊದಲೇ ಕೈಗೆ ಸವರಿಕೊಳ್ಳುತ್ತಿದ್ದ ತೊಗಟೆಯ ರಸಕ್ಕೆ ಸುಣ್ಣ ತಾಗಿದರೆ ಹಳದಿಯಾಗುತ್ತದೆ, ರೋಗ ಇರಲಿ ಬಿಡಲಿ. ಇದು ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ. ಕೇಳುವ ಧೈರ್ಯವಾಗಲಿಲ್ಲ. ಕೇಳುವುದರೊಳಗೆ ಅಪ್ಪ ತೀರಿಕೊಂಡ.

ಊರ ದೊಡ್ಡ ಮನೆಗಳವರೂ ಬರುತ್ತಿದ್ದರು, ನೀರು ಮಾತ್ರ ತಮ್ಮ ತಂಬಿಗೆಯಲ್ಲೇ ತರುತ್ತಿದ್ದರು. ಈ ಮನೆಯ ನೀರು ಮುಟ್ಟದವರು ಈ ಮನೆಯವನ ಕೈಯಲ್ಲಿ ಕೈಯಿಟ್ಟು ಕೂತಿರುತ್ತಿದ್ದರು. ಶಾಮಲಾಳಿಗೆ ಈ ಭೂಮಿಯ ಮೇಲಿದ್ದ ಹೆಮ್ಮೆಯೆಲ್ಲ ಆ ಎರಡು ಕೈಗಳಲ್ಲಿತ್ತು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಸಮುದ್ರ ದಾಟಿಸಿದರೆ ಅದೇ ಮದ್ದಾಗುತ್ತದೆ. ಕೆಲಸಕ್ಕೆಂದು ಹೋದ ಪೋರ್ತುಗಲ್‌ನಲ್ಲಿ ಲ್ಯಾಬು ಮುಚ್ಚಿದಾಗ ರಾಜರತ್ನ ಒಂದು ಗುಡ್ಡ ಹತ್ತಿದ. ಅಲ್ಲೊಂದು ಆಶ್ರಮ, ನಲವತ್ತು ಮಂದಿ ವೈದ್ಯರು, ಆಸ್ಪತ್ರೆ ಅಂದರೆ ಮುಖ ಸಿಂಡರಿಸುವವರು. ಕಂಚಿನ ಗಂಟೆ ಬಾರಿಸಿ ಬೆನ್ನುನೋವು ತೆಗೆಯುವವನು, ಹಲ್ಲು ಕೀಳುವ ಡಾಕ್ಟರಿಕೆ ಬಿಟ್ಟು ಕಣ್ಣಪಾಪೆಯಲ್ಲಿ ರೋಗ ಓದುವವಳು, ಜೇನುನೊಣದಿಂದ ಕಚ್ಚಿಸುವವರು. ಯಾರೂ ಅವನ ಕುಲ ಕೇಳಲಿಲ್ಲ, ಕಂಡಾಗೊಮ್ಮೆ ಅಪ್ಪಿಕೊಂಡರು. ನಿನಗೇನು ಬರುತ್ತದೆ ಎಂದಷ್ಟೇ ಕೇಳಿದರು. ಕೈ ತೊಳೆದು ತೋರಿಸಿದ. ಎಂಟು ವರ್ಷವಾಯಿತು, ತೊಳೆಯುತ್ತಲೇ ಇದ್ದಾನೆ. ಅಲ್ಲಿ ಕಾಮಣಿಯವರು ಬರುವುದಿಲ್ಲ. ದುಃಖ, ಸಿಟ್ಟು, ಮುರಿದ ಮದುವೆಗಳು ಹಳದಿಯಾಗಿ ಇಳಿಯುತ್ತವೆ. ಯಾರೂ ಸಾಯುವುದಿಲ್ಲವಲ್ಲ ಎಂದು ಅವನು ಸಮಾಧಾನ ಮಾಡಿಕೊಂಡಿದ್ದ.

ಅವನು ಊರಿಗೆ ಹೊರಟಾಗ, ಗುರುವಿನ ಮೂಲ ನೋಡಬೇಕೆಂದು ಆ ಗುಡ್ಡದ ಶಿಷ್ಯೆ ಬಿರ್ಗಿಟ್ ಜೊತೆಗೆ ಬಂದಿದ್ದಳು. ಈಗ ಚಾಪೆಯ ಮೇಲೆ ಎದೆಗೆ ಕೈಯಿಟ್ಟು ಕೂತಿದ್ದಳು.

ರಾಜರತ್ನ ತಂಗಿಯ ಎದುರು ಕೂತ. ಅವಳ ಅಂಗೈಗೆ ಸುಣ್ಣ ಹಚ್ಚಿದ. ಬರೀ ಸುಣ್ಣ. ನೀರು ಬೆಳ್ಳಗೆ ಇಳಿಯುತ್ತದೆ, ಅವಳು ಕಾರು ಹತ್ತುತ್ತಾಳೆ, ಸಂಜೆಯೊಳಗೆ ಹೈದರಾಬಾದು. ತಿಕ್ಕಿದ. ತಂಬಿಗೆ ಬಗ್ಗಿಸಿದ.

ಮೊದಲ ಧಾರೆ ಬೆಳ್ಳಗೆ ಬಿತ್ತು. ಎರಡನೆಯದು ಹಳದಿ.

ಅವನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಆ ಗುಡ್ಡದ ಮೇಲೆ ತೊಗಟೆ ಅರೆಯಲು ಮಿಕ್ಸರ್ ಇತ್ತು. ಇಲ್ಲಿ ನಸುಕಿನಲ್ಲೆದ್ದು, ಅಭ್ಯಾಸಬಲದಿಂದ, ಅಪ್ಪನ ಕಲ್ಲಿನ ಮೇಲೆ ಜಜ್ಜಿ ತನ್ನ ಅಂಗೈಯಿಂದಲೇ ಹಿಂಡಿದ್ದ. ಒಣಗಿದರೆ ಬಣ್ಣ ಕಾಣದ ರಸ ಅಂಗೈಯಲ್ಲೇ ಉಳಿದಿತ್ತು. ಮೂರು ನೀರಿನಾಗ ತೊಳದ್ರೂ ಬಿಡಲ್ಲ ಇದು ಅನ್ನುತ್ತಿದ್ದ ಅಪ್ಪ.

"ಇಳೀತು! ಇಳೀತು ನೋಡ್ರಿ! ಅಪ್ಪನ ಕೈಯೇ ಅದು!" ಶಾಮಲಾ ಅಳುತ್ತಿದ್ದಳು, ನಗುತ್ತಿದ್ದಳು. ಬಿರ್ಗಿಟ್‌ಳ ಕಣ್ಣಲ್ಲೂ ನೀರು.

ಅಮರ್ ಮಾತ್ರ ಬೋಗುಣಿಯನ್ನೂ ಫೈಲನ್ನೂ ನೋಡಿದ. "ಅಣ್ಣಾರ, ನೀವು ಓದಿದವರು ಇದ್ದೀರಿ. ಹೋಗೋದು ಬ್ಯಾಡೇನ್ರಿ?"

ಒಂದೇ ಮಾತು ಸಾಕಿತ್ತು. ಇದು ತೊಗಟೆಯ ಬಣ್ಣ, ಅಪ್ಪನದೂ ಇದೇ. ಬಿರ್ಗಿಟ್‌ಗೆ ಕನ್ನಡ ಬರುವುದಿಲ್ಲ, ಶಿಷ್ಯೆ ಕೇಳಿಸಿಕೊಂಡಾಳೆಂಬ ನೆಪವೂ ಇರಲಿಲ್ಲ. ಆದರೆ ಶಾಮಲಾ ಅವನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು.

"ಹೋದ್ರ... ಛಲೋನೇ," ಎಂದ. "ತೋರಿಸ್ಕೊಂಡ್ರ ತಪ್ಪೇನಿಲ್ಲ."

"ಹಳದಿ ಇಳದದಲ್ಲಾ ಅಣ್ಣಾ?"

"ಇಳದದ."

ಶಾಮಲಾ ಎದ್ದಳು. ಕೈ ತೊಳೆಸಿಕೊಂಡವರು 'ಬರ್ತೀನಿ' ಅನ್ನಬಾರದು, ತಿರುಗಿ ನೋಡಬಾರದು. ನೋಡಿದರೆ ರೋಗವೂ ತಿರುಗುತ್ತದೆ. ಅದು ಅಪ್ಪನ ಕಟ್ಟಳೆ. ಅವಳು ತಿರುಗಿದರೆ ಹೇಳಿಬಿಡುತ್ತೇನೆ ಎಂದು ರಾಜರತ್ನ ತನಗೆ ತಾನೇ ಷರತ್ತು ಹಾಕಿಕೊಂಡ. ತಿರುಗುವುದಿಲ್ಲವೆಂದು ಗೊತ್ತಿದ್ದೇ ಹಾಕಿಕೊಂಡ. ಅವಳು ಸೆರಗು ಬಿಗಿದು, ಕಾರಿನವರೆಗೂ ನೆಟ್ಟಗೆ ನಡೆದಳು. ಅಮರ್ ಫೈಲನ್ನು ಹಿಂದಿನ ಸೀಟಿಗೆ ಎಸೆದ.

ಡಾಂಬರು ರಸ್ತೆಯಲ್ಲಿ ಎಡಕ್ಕೆ ಹೈದರಾಬಾದು, ಬಲಕ್ಕೆ ನಾರಾಯಣಖೇಡ ದಾಟಿ ಅವರ ಊರು ಯಾಲಾಲ್. ಕಾರು ಒಂದು ಗಳಿಗೆ ನಿಂತು, ಬಲಗಡೆಯ ದೀಪ ಮಿಣುಕಿಸಿ ಹೊರಳಿತು.

ಬಿರ್ಗಿಟ್ ಎದ್ದು ಬಂದು ತಂಗಿಯ ಜಾಗದಲ್ಲಿ ಕೂತಳು. ನನಗೂ, ಎಂದು ಎರಡು ಕೈ ಚಾಚಿದಳು. ಗುಂಡುಕಲ್ಲಿನ ಹಾಗೆ ಗಟ್ಟಿ ಇದ್ದ ಹೆಂಗಸು, ಅವಳಿಗೆ ಒಂದು ನೆಗಡಿಯೂ ಇರಲಿಲ್ಲ. ಬೇಡವೆನ್ನಲು ಬಾಯಿ ತೆರೆದವನಿಗೆ ತಟ್ಟನೆ ಒಂದು ಆಸೆ ಹುಟ್ಟಿತು. ಇವಳ ಕೈಯಿಂದ ನೀರು ತಿಳಿಯಾಗಿ ಇಳಿದರೆ, ತಂಗಿಯಿಂದ ಇಳಿದದ್ದು ನಿಜವಾದ ಹಳದಿಯೇ ಇರಬೇಕು. ಎಂ.ಎಸ್ಸಿ. ಮಾಡಿದವನು ದೇವರಿಗೆ ಹರಕೆ ಹೊರುವವನ ಹಾಗೆ ಆ ಕೈಗಳಿಗೆ ಸುಣ್ಣ ಹಚ್ಚಿದ. ತಿಕ್ಕಿದ. ನೀರು ಬಿಟ್ಟ.

ಹಳದಿ ಬಿತ್ತು. ಬಿರ್ಗಿಟ್ ಕಣ್ಣು ಮುಚ್ಚಿ ನಿಟ್ಟುಸಿರಿಟ್ಟಳು. ತಿಳಿಯಾದೀತೆಂದು ಅವನು ಇನ್ನಷ್ಟು ನೀರು ಬಿಟ್ಟ, ಮತ್ತಷ್ಟು ಬಿಟ್ಟ. ಬೋಗುಣಿ ತುಂಬಿ ಹೊರಚೆಲ್ಲಿತು. ಶಾಮಲಾ ತಿರುಗಿ ನೋಡದೆ ನಡೆದು ಹೋದ ಹೆಜ್ಜೆಗಳ ಗುಂಟ ಹಳದಿ ನೀರು ಹರಿಯಿತು.