ಎಲೆಯ ಕೆಳಗಿನ ಹೆಸರು

ನನ್ನ ಹೂಜಿಗಿಡವನ್ನು ಪಕ್ಕದ ಮನೆಯ ಅಂಬುಜಾ ಆಂಟಿ ಕದ್ದದ್ದು ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಆದ ದಿನ. ಮನೆಮಂದಿಯೆಲ್ಲ ಆಸ್ಪತ್ರೆಯಲ್ಲಿದ್ದೆವು. ಆರ್‌ಪಿಸಿ ಲೇಔಟಿನ ನಮ್ಮ ರಸ್ತೆಯಲ್ಲಿ ಗೋಡೆಗೆ ಗೋಡೆ ತಾಗಿಸಿಯೇ ಮನೆ ಕಟ್ಟಿರುವುದು. ಸೀರೆಯನ್ನು ಒಂದು ಗೇಣು ಎತ್ತಿಕೊಂಡರೆ ಅವರ ತಾರಸಿಯಿಂದ ನಮ್ಮ ತಾರಸಿಗೆ ದಾಟಬಹುದು.

ಬೀಜದಿಂದ ಮೂರು ವರ್ಷ ಸಾಕಿದ ಗಿಡ ಅದು. ಎಲೆಯ ತುದಿಯಿಂದ ಒಂದು ದಾರದಂಥ ಬಳ್ಳಿ ಇಳಿದು, ಅದರ ಕೊನೆಯಲ್ಲಿ ಮುಚ್ಚಳವಿರುವ ಪುಟ್ಟ ಹೂಜಿ ತೂಗುತ್ತದೆ. ಅಂಚಿನ ಜೇನಿಗೆ ಆಸೆಪಟ್ಟು ಬಂದ ಇರುವೆ, ನೊಣ ಜಾರಿ ಒಳಗೆ ಬಿದ್ದರೆ ಗಿಡಕ್ಕೆ ಅದೇ ಊಟ. ಚಿಕ್ಕವಳಿದ್ದಾಗ ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ಕಾಲಿಲ್ಲದ ಒಬ್ಬ ರಕ್ಕಸಿ ಇದ್ದಳು. ಅಟ್ಟಿಸಿಕೊಂಡು ಹೋಗಲಾರದವಳು. ಅದಕ್ಕೇ ತುಟಿಗೆ ಜೇನು ಸವರಿಕೊಂಡು, ಬಾಯಿ ತೆರೆದು, ನಾಲಿಗೆಯ ಮೇಲೊಂದು ದೀಪ ಇಟ್ಟುಕೊಂಡು ಕೂತಳಂತೆ. ದಾರಿಹೋಕರು ಛತ್ರ ಅಂದುಕೊಂಡು ತಾವಾಗಿಯೇ ಒಳಗೆ ನಡೆದರಂತೆ. ಮೊದಲ ಹೂಜಿ ಬಿಟ್ಟ ದಿನ ಅದಕ್ಕೆ ರಕ್ಕಸಿ ಅಂತಲೇ ಹೆಸರಿಟ್ಟಿದ್ದೆ.

ವಾರ ಕಳೆದ ಮೇಲೆ ಪಾರ್ಕಿನಲ್ಲಿ ನಮ್ಮ ಲೇಔಟಿನ ಗಿಡಗಳ ಸ್ಪರ್ಧೆ ನಡೆಯಿತು. ರಕ್ಕಸಿ ಹಿತ್ತಾಳೆಯ ಕುಂಡದಲ್ಲಿ ಅಂಬುಜಾ ಆಂಟಿಯ ತೊಡೆಯ ಮೇಲೆ ಕೂತಿದ್ದಳು. ಮಗ ಮಲೇಷ್ಯಾದಿಂದ ತಂದದ್ದು ಅಂತ ಆಂಟಿ ಎಲ್ಲರಿಗೂ ಹೇಳುತ್ತಿದ್ದರು. ಮೊದಲನೇ ಬಹುಮಾನವೂ ಬಂತು. ಎರಡು ತಿಂಗಳಿಗೆ ಅದೇ ಗಿಡ ಕಪ್ಪಗೆ ಒಣಗಿ, ಅವರ ಹಸಿಕಸದ ಬಕೆಟ್ಟಿನಲ್ಲಿ ಬೀನ್ಸ್ ನಾರಿನ ಜೊತೆ ಬಿದ್ದಿತ್ತು. ಕಸದ ಆಟೋದ ಅಕ್ಕ ಅದನ್ನು ಗಾಡಿಗೆ ಸುರಿದುಕೊಳ್ಳುವುದನ್ನು ನಾನು ಗೇಟಿನಲ್ಲಿ ನಿಂತು ನೋಡಿದೆ.

ಅಮ್ಮ ಜಗಳ ಬೇಡವೆಂದರು. ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟು ತೆಗೆದುಕೊಳ್ಳುವ ಮನೆ, ಒಂದು ಗಿಡಕ್ಕೆ ಮುಖ ಮುರಿದುಕೊಳ್ಳೋದಾ ಅಂತ ಅವರ ವಾದ. ಸರಿ, ನಾನು ಜಗಳ ಆಡಲಿಲ್ಲ. ರಕ್ಕಸಿಯಿಂದ ಹಿಂದೆ ಮುರಿದು ನೆಟ್ಟಿದ್ದ ಒಂದೇ ಒಂದು ಕಡ್ಡಿ ಸೋಡಾ ಬಾಟಲಿಯಲ್ಲಿ ಉಳಿದಿತ್ತು. ಅದಕ್ಕೆ ತಾರಸಿಯ ಮೇಲೊಂದು ಗಾಜಿನ ಮನೆ ಕಟ್ಟಲು ಶುರುಮಾಡಿದೆ.

ದೀಪಾಂಜಲಿ ನಗರದ ಗುಜರಿಯಲ್ಲಿ, ಯಾರದೋ ಹಳೇ ಮನೆ ಒಡೆದ ಏಳು ಕಿಟಕಿಗಳು ಗಾಜಿನ ಸಮೇತ ಸಿಕ್ಕವು. ವೆಲ್ಡಿಂಗ್ ಮುತ್ತುರಾಜಣ್ಣ ಕಬ್ಬಿಣದ ಚೌಕಟ್ಟು ಮಾಡಿ ನಿಲ್ಲಿಸಿಕೊಟ್ಟರು. ಇದರೊಳಗೆ ಏನಮ್ಮಾ, ದೇವರಾ, ಕೋಳಿನಾ ಅಂತ ಕೇಳಿ ನಕ್ಕರು. ಮೊದಲ ಮಾರ್ಚಿನಲ್ಲಿ ಅದು ಗಾಜಿನ ಮನೆಯಾಗಿರಲಿಲ್ಲ, ಇಡ್ಲಿ ಪಾತ್ರೆಯಾಗಿತ್ತು. ಜೊತೆಗಿಟ್ಟಿದ್ದ ನಾಲ್ಕು ಸಣ್ಣ ಗಿಡ ಬೆಂದುಹೋದವು. ಕಡ್ಡಿ ಹೇಗೋ ಬದುಕಿತು. ಮೇಲಿನ ಎರಡು ಕಿಟಕಿ ತೆರೆಯುವ ಹಾಗೆ ಬಿಜಾಗರಿ ಹಾಕಿಸಿದೆ. ಹಸಿರು ಪರದೆ ಕಟ್ಟಿದೆ, ಗೋಡೆಗೆ ಒದ್ದೆ ಗೋಣಿ ಇಳಿಬಿಟ್ಟೆ, ಹಳೇ ಕಂಪ್ಯೂಟರಿನ ಫ್ಯಾನು ಕೂರಿಸಿದೆ. ಪ್ರತಿ ಮೊಳೆ ಹೊಡೆಯುವಾಗಲೂ ಕಣ್ಣ ಮುಂದೆ ಆ ಬೀನ್ಸ್ ನಾರು.

ಕಷ್ಟದ್ದು ನೀರು. ಈ ಗಿಡಗಳು ಹುಟ್ಟಿದ್ದೇ ಏನೂ ಇಲ್ಲದ ಬಡ ಮಣ್ಣಿನಲ್ಲಿ. ನಮ್ಮ ಬೋರ್‌ವೆಲ್ಲಿನ ಉಪ್ಪುನೀರು, ಗೊಬ್ಬರ, ಎರಡೂ ಇವುಗಳ ಬೇರನ್ನು ಸುಟ್ಟುಹಾಕುತ್ತವೆ. ಪಾಪ, ಪ್ರೀತಿಯಿಂದ ಸಾಕುವವರ ಕೈಯಲ್ಲೇ ಬೇಗ ಸಾಯುವ ಜಾತಿ. ಮಳೆಗಾಲದಲ್ಲಿ ನೀಲಿ ಡ್ರಮ್ಮಿನ ಮಳೆನೀರು ಸಾಕಾಗುತ್ತಿತ್ತು. ಬೇಸಿಗೆಗೆ ರಸ್ತೆ ಕೊನೆಯ ಹಲ್ಲಿನ ಡಾಕ್ಟರ ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ತರುತ್ತಿದ್ದೆ.

ಒಂದೂವರೆ ವರ್ಷಕ್ಕೆ ಕಡ್ಡಿ ತಾಯಿಯನ್ನೂ ಮೀರಿಸಿತು. ಹನ್ನೊಂದು ಹೂಜಿ, ಒಂದೊಂದೂ ಅಂಗೈಯುದ್ದ, ತುಟಿಗಳು ಕುಂಕುಮದ ಬಣ್ಣ.

ಉಪಾಯ ಹೊಳೆದದ್ದು ಅಜ್ಜಿಯಿಂದಲೇ. ಈ ಲೇಔಟೆಲ್ಲ ಇನ್ನೂ ಹೊಸಹಳ್ಳಿ ಅನ್ನುವ ಹಳ್ಳಿಯಾಗಿಯೇ ಇದ್ದಾಗ ನಮ್ಮ ಹೊಲದಲ್ಲಿ ಕುಂಬಳ ಬೆಳೆಯುತ್ತಿದ್ದರಂತೆ. ಕಾಯಿ ಇನ್ನೂ ಎಳೆಯದಾಗಿರುವಾಗ ಅಜ್ಜಿ ಅದರ ಮೇಲೆ ಉಗುರಿನಿಂದ ಒಂದು ಗುರುತು ಗೀರಿಬಿಡುತ್ತಿದ್ದರು. ಕಾಯಿ ಬೆಳೆದಂತೆ ಗುರುತೂ ಬೆಳೆಯುತ್ತದೆ. ಯಾರ ಅಡುಗೆಮನೆಗೆ ಹೋದರೂ ಅಳಿಸಲಾಗುವುದಿಲ್ಲ. ನಾನು ಇನ್ನೂ ಬಿಚ್ಚಿಕೊಳ್ಳುತ್ತಿದ್ದ ಒಂದು ಎಳೆ ಎಲೆಯ ಕೆಳಬದಿಯಲ್ಲಿ, ಸೂಜಿಯ ತುದಿಯಿಂದ, ಉಸಿರು ಬಿಗಿಹಿಡಿದು, ಗಗನಾ ಎಂದು ಚುಚ್ಚಿದೆ. ಇರುವೆ ಸಾಲಿನಷ್ಟು ಸಣ್ಣದಾಗಿ.

ತಿಂಗಳೆರಡು ಕಳೆದು, ಆ ವರ್ಷದ ಸ್ಪರ್ಧೆಗೆ ಹತ್ತು ದಿನ ಇರುವಾಗ ಅಂಬುಜಾ ಆಂಟಿಗೆ ಕೇಳುವ ಹಾಗೆ ಗೇಟಿನಲ್ಲಿ ನಿಂತು, ರಾಮನಗರದಲ್ಲಿ ನಾಮಕರಣ, ಎರಡು ದಿನ ಮನೆಯಲ್ಲಿ ಯಾರೂ ಇರುವುದಿಲ್ಲ ಅಂತ ಹಾಲಿನವನಿಗೆ ಹೇಳಿದೆ. ಗಾಜಿನ ಮನೆಗೆ ಬೀಗ ಹಾಕಲಿಲ್ಲ. ವಾಪಸ್ ಬಂದಾಗ ಫ್ಯಾನು ತಿರುಗುತ್ತಿತ್ತು, ಕುಂಡದ ಜಾಗದಲ್ಲಿ ಒದ್ದೆಯ ದುಂಡು ಗುರುತು. ಎಷ್ಟೊಂದು ಖುಷಿಯಾಯಿತೆಂದರೆ ಮೆಟ್ಟಿಲಿಳಿಯುವಾಗ ಹಾಡು ಗುನುಗಿಕೊಂಡೆ.

ಪಾರ್ಕಿನಲ್ಲಿ ತೀರ್ಪು ಕೊಡಲು ಬಂದವರು ಮುನಿವೆಂಕಟಪ್ಪ ಮೇಷ್ಟ್ರು. ಜ್ಞಾನಭಾರತಿಯ ಕಡೆ ಮನೆ, ನಲವತ್ತು ವರ್ಷ ಸಸ್ಯಶಾಸ್ತ್ರ ಪಾಠ ಹೇಳಿದವರು. ರೇಷ್ಮೆ ಸೀರೆಯ ಅಂಬುಜಾ ಆಂಟಿಯ ಮುಂದೆ ನಿಂತು, ಈ ಊರಲ್ಲಿ ಇಂಥ ಗಿಡ ನೋಡಿಲ್ಲ ಅಂದರು. ಆಂಟಿ ಮತ್ತೆ ಮಲೇಷ್ಯಾ ಶುರುಮಾಡಿದರು. ಅದು ಮುಗಿಯುವವರೆಗೂ ಕಾದೆ.

"ಸಾರ್, ಮೇಲಿಂದ ಮೂರನೇ ಎಲೆ ತಿರುಗಿಸಿ ನೋಡಿ," ಅಂದೆ.

ಮೇಷ್ಟ್ರು ಕನ್ನಡಕ ಏರಿಸಿಕೊಂಡು ತಿರುಗಿಸಿದರು. ಎಲೆ ಗೇಣುದ್ದ ಬೆಳೆದಿತ್ತು, ಅಕ್ಷರಗಳೂ ಬೆಳೆದಿದ್ದವು. ಕಂದು ಬಣ್ಣದ ಗಾಯದಲ್ಲಿ, ದಪ್ಪಗೆ, ನನ್ನ ಹೆಸರು. ಅವರು ಅದನ್ನು ಗಟ್ಟಿಯಾಗಿ ಓದಿದರು. ಈ ಕ್ಷಣವನ್ನು ಎಷ್ಟು ಸಲ ಕಣ್ಮುಚ್ಚಿ ನೋಡಿದ್ದೆನೋ. ಈಗ ಭೂಮಿ ಬಾಯಿಬಿಡಬೇಕು, ಸೀರೆಯ ಸಮೇತ ಅವರು ಒಳಗಿಳಿಯಬೇಕು.

ಆಂಟಿ ಎರಡು ಸಲ ರೆಪ್ಪೆ ಬಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು.

"ಹೌದು ಕಣಮ್ಮ, ನಿಮ್ಮನೇದೇ. ಕೇಳಿ ತಂದ್ರೆ ಹತ್ತಲ್ಲ ಅಲ್ವಾ? ಗಿಡ ಕದ್ದೇ ತರ್ಬೇಕು."

ಸುತ್ತಲಿದ್ದವರೆಲ್ಲ ಗೊಳ್ಳನೆ ನಕ್ಕರು. ನನ್ನ ಲೆಕ್ಕ ತಪ್ಪಿದ್ದು ಅಲ್ಲಿ. ನಮ್ಮ ರಸ್ತೆಯಲ್ಲಿ ಒಡವೆ ಕದ್ದರೆ ಕಳ್ಳತನ, ಗಿಡ ಕದ್ದರೆ ಅದು ಕೈಗುಣ. ಎದುರುಮನೆಯ ಕುಸುಮಾ ಆಂಟಿ ತಮ್ಮ ದೊಡ್ಡಪತ್ರೆ ಇದೇ ಅಂಬುಜಾ ಗೇಟಿನಿಂದ ಕಿತ್ತದ್ದೆಂದು ಒಪ್ಪಿಕೊಂಡರು. ಮೇಷ್ಟ್ರು ಕೂಡ ಮಾವನ ಮನೆಯಿಂದ ಗುಲಾಬಿ ಕಡ್ಡಿಯನ್ನು ಪಂಚೆಯಲ್ಲಿ ಮುಚ್ಚಿ ತಂದದ್ದನ್ನು ಹೇಳಿ, ಬಹುಮಾನದ ಚೀಟಿಯಲ್ಲಿ ನನ್ನ ಹೆಸರು ಬರೆದರು. ಅಂಬುಜಾ ಆಂಟಿಯೇ ಮುಂದೆ ನಿಂತು ಚಪ್ಪಾಳೆ ಹೊಡೆಸಿದರು. ಒಂದೂವರೆ ವರ್ಷ ಕಟ್ಟಿದ ಸೇಡು ಬಹುಮಾನದ ಒಂದು ಹಾಟ್‌ಬಾಕ್ಸ್ ಆಗಿ ನನ್ನ ಕಂಕುಳಲ್ಲಿ ಕೂತಿತ್ತು.

ಇಬ್ಬರೂ ಒಟ್ಟಿಗೇ ಮನೆ ಕಡೆ ನಡೆದೆವು. ಕುಂಡ ನನ್ನ ಕೈಯಲ್ಲಿತ್ತು. ಅವರ ಗೇಟಿನ ಹತ್ತಿರ ಆಂಟಿ ದನಿ ತಗ್ಗಿಸಿದರು.

"ಮೊದಲನೇದು ಸತ್ತೋದಾಗ ಎರಡು ದಿನ ಊಟ ಸೇರ್ಲಿಲ್ಲ ಕಣೇ. ಬೋರ್ ನೀರು ತಪ್ಪಿಸ್ಲಿಲ್ಲ, ವಾರಕ್ಕೊಂದು ಚಮಚ ಗೊಬ್ಬರ ಹಾಕ್ತಿದ್ದೆ. ಏನ್ ತಪ್ಪು ಮಾಡ್ದೆ ಹೇಳು."

ಅವರ ಕಣ್ಣು ನಿಜವಾಗಿಯೇ ತುಂಬಿತ್ತು. ಈ ನೀರು ಪಾರ್ಕಿನಲ್ಲಿ, ಎಲ್ಲರ ಮುಂದೆ, ಬರಬೇಕಿತ್ತು. ಹನ್ನೊಂದು ಹೂಜಿಗಳು ನನ್ನ ತೋಳಿಗೆ ತಣ್ಣಗೆ ತಾಗುತ್ತಿದ್ದವು. ಉತ್ತರ ನಾಲಿಗೆಯ ಮೇಲೇ ಇತ್ತು.

"ಗೊಬ್ಬರ ಸಾಲ್ಲಿಲ್ಲ ಆಂಟಿ. ದಿನಾ ಒಂದು ಚಮಚ ಹಾಕಿ," ಅಂದು ಕುಂಡವನ್ನು ಅವರ ಕೈಗೆ ಕೊಟ್ಟೆ. ಇಟ್ಟುಕೊಳ್ಳಿ ಅಂತಲೂ ಹೇಳಿದೆ. ಅವರು ಕುಂಡ ಕೆಳಗಿಟ್ಟು, ನನ್ನ ಕೆನ್ನೆ ಮುಟ್ಟಿ ನೆಟಿಗೆ ಮುರಿದರು.

ಇದಾಗಿ ಮೂರು ವಾರ. ಅಜ್ಜಿ ಹೊಸ ಕಣ್ಣಿನಿಂದ ಪಕ್ಕದ ತಾರಸಿ ನೋಡಿ, ಗಿಡ ಬಾಡ್ತಾ ಇದೆ, ಹೋಗಿ ಹೇಳಬಾರದಾ ಅಂತ ನಿನ್ನೆ ಕೇಳಿದರು. ನಾನು ಎ.ಸಿ. ನೀರಿನ ಬಕೆಟ್ ಎತ್ತಿಕೊಂಡು ಗಾಜಿನ ಮನೆಯೊಳಗೆ ಹೋದೆ. ಆ ದುಂಡು ಗುರುತು ಎಂದೋ ಆರಿದೆ. ಆ ಜಾಗದಲ್ಲಿ ಬೇರೆ ಕುಂಡ ಇಡಲು ಕೈ ಬರುತ್ತಿಲ್ಲ.

ಇವತ್ತು ಬೆಳಿಗ್ಗೆ ಆಂಟಿ ಗೋಡೆಯ ಆಚೆ ಚಮಚ ಹಿಡಿದು ನಿಂತಿದ್ದರು. ಏಳು ಹೂಜಿ ಕರಕಲಾಗಿದ್ದವು. ಮೂರನೇ ಎಲೆ ಒಣಗಿ ಸುರುಳಿ ಸುತ್ತಿಕೊಂಡು, ಅದರ ಕೆಳಬದಿ ಈಗ ನನ್ನ ಕಡೆಗೇ ತಿರುಗಿತ್ತು. ಹೆಸರು ಇಲ್ಲಿಂದಲೇ ಓದಬಹುದು.

"ಗಗನಾ, ಇನ್ನೊಂದು ಚಮಚ ಹಾಕ್ಲೇನೇ?"

"ಹಾಕಿ ಆಂಟಿ," ಅಂದೆ.