ಭಾವ ತಂದ ಮಣ್ಣು

ಫೋನ್ ಕುಕ್ಕಿದವಳೇ ಅಕ್ಕ ಪ್ರಯೋಗಾಲಯದ ಬಾಗಿಲನ್ನು ಧಡಾರನೆ ಎಳೆದಳು. ಸಿಟ್ಟಿನ ಭರದಲ್ಲಿ ಕೈ ತೆಗೆಯುವುದನ್ನು ಮರೆತಳು. ಉಂಗುರದ ಬೆರಳು ಸಂದಿಗೆ ಸಿಕ್ಕಿ ನೋಡನೋಡುತ್ತಲೇ ಬದನೆಕಾಯಿಯಾಯಿತು.

"ಏನೂ ಇಲ್ವಂತೆ ಕಣೇ! ಅದೇ ಕಪ್ಪು ಪದರ, ನಾವೇ ಕಳಿಸಿದ ಹೆಂಟೆ. ಆ ಹೊರಗಿನ ಲ್ಯಾಬಲ್ಲಿ ಇರಿಡಿಯಂ ಹೆಸರಿಗೂ ಇಲ್ವಂತೆ!"

"ಮೊದಲು ಕೈ ತೋರಿಸು."

"ಕೈ ಹಾಳಾಗ್ಲಿ! ಅವರಿಗೆ ಅಳೆಯೋಕೆ ಬರಲ್ಲ, ಅಷ್ಟೇ."

ಅಕ್ಕ ಭೂವಿಜ್ಞಾನಿ. ನಾನು ಅವಳ ಲ್ಯಾಬಿನಲ್ಲೇ ಅಳೆಯುವ ಯಂತ್ರ ನಡೆಸುತ್ತೇನೆ, ಜೊತೆಗೆ ಅವಳ ಬೈಗುಳ ತಿನ್ನುತ್ತೇನೆ. ಡೈನೋಸಾರ್‌ಗಳ ಕಥೆ ಎಲ್ಲರಿಗೂ ಗೊತ್ತು. ಆಕಾಶದಿಂದ ದೊಡ್ಡ ಬಂಡೆ ಬಿತ್ತು, ಅದರೊಳಗಿನ ಇರಿಡಿಯಂ ಧೂಳಾಗಿ ಹರಡಿ ಭೂಮಿಯ ಮೇಲೆಲ್ಲ ಒಂದು ಪದರವಾಗಿ ಕೂತಿತು. ನಮ್ಮ ಮಣ್ಣಿನಲ್ಲಿ ಆ ಲೋಹ ಬಲು ಅಪರೂಪ. ಹೆಚ್ಚು ಕಂಡರೆ ಮೇಲಿನಿಂದ ಬಂತೇ ಎಂದು ಕೇಳಲೇಬೇಕು. ಅದಕ್ಕೂ ಎಷ್ಟೋ ಮುಂಚೆ ಕಡಲ ಜೀವಗಳೆಲ್ಲ ಹೆಚ್ಚುಕಡಿಮೆ ನಿರ್ನಾಮವಾದ ಇನ್ನೊಂದು ಮಹಾಸಾವಿದೆ. ಅದಕ್ಕೆ ಜ್ವಾಲಾಮುಖಿ ಕಾರಣ ಎನ್ನುವವರೇ ಹೆಚ್ಚು. ಅಕ್ಕನದು ಮಾತ್ರ ಬಂಡೆಯ ಪಕ್ಷ. ಭಾವನದು ಇನ್ನೊಂದು: ಹತ್ತಿರದ ಯಾವುದೋ ನಕ್ಷತ್ರ ಸಿಡಿದಿರಬೇಕು ಎನ್ನುತ್ತಿದ್ದರು. ಊಟಕ್ಕೆ ಕೂತರೆ ಸಾಕು, ಇಪ್ಪತ್ತೈದು ಕೋಟಿ ವರ್ಷದ ಹಿಂದಿನ ಸಾವಿಗಾಗಿ ಗಂಡ ಹೆಂಡತಿ ಕಿತ್ತಾಡುತ್ತಿದ್ದರು. ನಾನು ಮಧ್ಯೆ ಕೂತು ನೀರು ಬಡಿಸುತ್ತಿದ್ದೆ.

ಆ ಸಾವಿನ ಕಾಲದ ಕಪ್ಪು ಪದರ ಕಡಲಂಚಿನ ಒಂದು ಬಂಡೆಗೋಡೆಯಲ್ಲಿತ್ತು. "ನಿನ್ನ ಬಂಡೆ ಅದರಲ್ಲಿದ್ರೆ ತಂದ್ಕೊಡ್ತೀನಿ, ಆಮೇಲೆ ಬಾಯಿ ಮುಚ್ಚಬೇಕು," ಎಂದು ನಗುತ್ತಾ ಹೋದ ಭಾವ ಹಗ್ಗ ಕಟ್ಟಿಕೊಂಡು ಇಳಿದು ಮೂಟೆ ತುಂಬಿಸಿದರು. ಮೂಟೆ ಮೇಲೆ ಬಂತು. ಅಷ್ಟರಲ್ಲಿ ಗೋಡೆ ಕುಸಿಯಿತು, ಭಾವ ಬರಲಿಲ್ಲ. ಆ ಪದರವೂ ಕಡಲಿಗೆ ಹೋಯಿತು.

ಹೋಲಿಕೆಗೆಂದು ತಂದ ಮೇಲಿನ, ಕೆಳಗಿನ ಪದರಗಳ ಮಣ್ಣನ್ನು ನಮ್ಮ ಲ್ಯಾಬಿನವರು ಕೈಗವಸು ಹಾಕಿಕೊಂಡು ಒಡೆದರು. ಕಪ್ಪು ಮಣ್ಣನ್ನು ಮಾತ್ರ ಅಕ್ಕ ಯಾರಿಗೂ ಮುಟ್ಟಗೊಡಲಿಲ್ಲ. ಮಣ್ಣಿಗೆ ಲೋಹ ಬೆರೆತೀತೆಂದು ಕಿವಿಯೋಲೆ ಹಾಕಿಕೊಂಡು ಬಂದವರನ್ನು ಬಾಗಿಲಲ್ಲೇ ತಡೆದು ಜಾಡಿಸುವ ಹೆಂಗಸು, ಅದನ್ನು ಮನೆಗೆ ಒಯ್ದು ಅಡುಗೆಮನೆ ಮೇಜಿನ ಮೇಲೆ ಬರಿಗೈಯಲ್ಲಿ ಉಜ್ಜಿ ಉಜ್ಜಿ ಪುಡಿ ಮಾಡಿದಳು. ಉಜ್ಜುತ್ತಾ ಭಾವನ ಜೊತೆ ಮಾತಾಡುತ್ತಿದ್ದಳು. ನಾನು ಬಾಯಿ ತೆರೆದಾಗ, "ಬರೀ ಬೆಳ್ಳಿ ಉಂಗುರ ಕಣೇ, ಅದ್ರಿಂದ ಏನಾಗುತ್ತೆ?" ಎಂದಳು. ಅಳುವವಳ ಹತ್ತಿರ ಜಗಳ ಯಾಕೆಂದು ಸುಮ್ಮನಾದೆ.

ನನ್ನ ಯಂತ್ರದಲ್ಲಿ ಆ ಮಣ್ಣಿಗೆ ಮಾತ್ರ ಇರಿಡಿಯಂ ಗೆರೆ ಎದ್ದು ನಿಂತಿತು. "ಸಿಕ್ತು ಕಣೇ! ಅವರು ಸುಮ್ನೆ ಹೋಗ್ಲಿಲ್ಲ!" ಎಂದು ಅಕ್ಕ ನನ್ನನ್ನು ತಬ್ಬಿಕೊಂಡು ಅತ್ತಳು. ಅಲ್ಲಿಂದೀಚೆಗೆ ಅವಳು ಎದ್ದು ಉಂಡು ತಿರುಗಾಡಿದ್ದೆಲ್ಲ ಆ ಒಂದು ಮಾತಿನ ಬಲದ ಮೇಲೆ. ತಾಳೆ ನೋಡಲೆಂದು ಒಡೆಯದ ಒಂದು ಹೆಂಟೆಯನ್ನು ಹೊರಗಿನ ಲ್ಯಾಬಿಗೆ ಕಳಿಸಿದ್ದೆವು, ಇವತ್ತಿನ ಫೋನ್ ಅವರದೇ.

ಈಗ ಆ ಬೆರಳು ನೀಲಿಗಟ್ಟಿತು. ಸೋಪು, ಎಣ್ಣೆ, ದಾರ, ಯಾವುದಕ್ಕೂ ಉಂಗುರ ಜಗ್ಗಲಿಲ್ಲ. ಅವಳನ್ನು ದರದರ ಎಳೆದುಕೊಂಡು ಬೀದಿ ಕೊನೆಯ ಒಡವೆ ರಿಪೇರಿ ಅಂಗಡಿಗೆ ಹೋದೆ.

"ಬೆಳ್ಳಿ ತಾನೇ, ಚಿಟಿಕೆ ಹೊಡೆಯೋದ್ರಲ್ಲಿ ಮುಗಿಯುತ್ತೆ," ಎಂದ ರಿಪೇರಿಯವನು. ಗರಗಸ ಕಿರುಚಿತೇ ಹೊರತು ಉಂಗುರ ಹಾಗೇ ಇತ್ತು. ಅವನು ಕನ್ನಡಕ ಏರಿಸಿದ. "ಇದನ್ನ ಬೆಳ್ಳಿ ಅಂದಿದ್ದು ಯಾರಮ್ಮ?"

"ನಮ್ಮನೆಯವರು."

"ಚೆನ್ನಾಗಿ ಟೋಪಿ ಹಾಕಿದ್ದಾರೆ ಬಿಡಿ. ಇದು ಪ್ಲಾಟಿನಂ."

ಆ ನೋವಿನಲ್ಲೂ ಅಕ್ಕನ ಮುಖ ಅರಳಿತು. "ದುಂದು ಅಂತ ಬೈತೀನಿ ಅಂತ ಹೆದರಿ ಸುಳ್ಳು ಹೇಳಿದಾರೆ ನೋಡೇ, ಕಳ್ಳ!" ಭಾವ ಹೋದ ಮೇಲೆ ಅವಳು ಬಾಯಿ ತುಂಬ ನಕ್ಕದ್ದು ಅದೇ ಮೊದಲು.

ಇನ್ನೊಂದು ಗಟ್ಟಿ ಗರಗಸ ತಂದು ಕೊನೆಗೂ ಕತ್ತರಿಸಿದ ರಿಪೇರಿಯವನು ಉಂಗುರವನ್ನು ಬೆಳಕಿಗೆ ಹಿಡಿದ. "ಅಂಚು ಹೇಗೆ ಸವೆದಿದೆ ನೋಡಿ. ಗಟ್ಟಿಯಾಗ್ಲಿ ಅಂತ ಇರಿಡಿಯಂ ಬೆರೆಸಿರ್ತಾರೆ, ಆದ್ರೂ ಹೀಗಾಗಿದೆ. ಕಲ್ಲು ಮಣ್ಣಿಗೆ ಉಜ್ಜಿದ್ರಾ ಏನು?"

ಅಕ್ಕನ ನಗು ಅಲ್ಲೇ ನಿಂತಿತು. ಅವನು ಉಂಗುರವನ್ನೂ ಅದರ ಪುಡಿಯನ್ನೂ ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟ.

ಕಪ್ಪು ಮಣ್ಣಿನಲ್ಲಿ ಒಡೆಯದೆ ಉಳಿದದ್ದು ಸವೆದ ಸೋಪಿನಷ್ಟು ಚೂರು. ಅದನ್ನು ಅಕ್ಕ ಮುಟ್ಟಲಿಲ್ಲ. ಬೆರಳಿಗೆ ಪಟ್ಟಿ ಸುತ್ತಿಕೊಂಡು ಯಂತ್ರದ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಳು. "ಇರಬಹುದು ಅಲ್ವೇನೇ? ಉಂಗುರದ್ದು ಸ್ವಲ್ಪ, ಬಂಡೆದು ಸ್ವಲ್ಪ?" ಎಂದು ಮಗುವಿನ ಹಾಗೆ ಕೇಳಿದಳು. ಹೂಂ ಎಂದೆ.

ಕೈಗವಸು ಹಾಕಿ ಪುಡಿ ಮಾಡಿ ಯಂತ್ರಕ್ಕಿಟ್ಟೆ. ಕಾದೆ. ಪರದೆಯ ಗೆರೆ ಮಿಸುಕಲೇ ಇಲ್ಲ.

ಪೊಟ್ಟಣ ಮೇಜಿನ ತುದಿಯಲ್ಲಿತ್ತು. ಅದರ ಒಂದು ಕಣ ಉದುರಿಸಿದರೆ ಸಾಕು, ಅಕ್ಕ ಬದುಕಿಕೊಳ್ಳುತ್ತಾಳೆ. ಎಂದೋ ಸತ್ತ ಮೀನು ಚಿಪ್ಪುಗಳನ್ನು ಬಂಡೆ ಕೊಂದರೇನು, ನಕ್ಷತ್ರ ಕೊಂದರೇನು, ಅವು ಬಂದು ನನ್ನನ್ನು ಕೇಳುತ್ತವೆಯೇ? ಪೊಟ್ಟಣ ಬಿಚ್ಚಿಯೇ ಬಿಟ್ಟೆ.

"ಬೇಡ ಕಣೇ." ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಪರದೆ ನೋಡಿದಳು, ನನ್ನ ಕೈ ನೋಡಿದಳು. "ಆ ಮಣ್ಣು ತೆಗಿ. ಬರೀ ಉಂಗುರದ ಪುಡಿ ಇಡು. ನಾನು ನೋಡ್ಬೇಕು."

ಇಟ್ಟೆ. ಗೆರೆ ಸರ್ರನೆ ಎದ್ದು ಪರದೆಯ ತುದಿ ಮುಟ್ಟಿತು. ಅಕ್ಕ ಹತ್ತಿರ ಬಂದು ಅದರ ಮೇಲೆ ಅಂಗೈ ಇಟ್ಟಳು.

"ಇಷ್ಟು ದಿನ ಆಕಾಶ, ಆಕಾಶ ಅಂತ ಇವರನ್ನೇ ನೋಡ್ತಿದ್ನಲ್ಲೇ," ಎಂದಳು. ಮರುಕ್ಷಣ ನೆಲಕ್ಕೆ ಕುಸಿದು ಗೋಳೋ ಎಂದಳು. "ಸುಮ್ನೆ ಹೋದ್ರು ಕಣೇ! ಒಂದು ಮೂಟೆ ಮಣ್ಣಿಗೆ, ಸುಮ್ನೆ ಹೋದ್ರು!"

ನಾನು ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದೆ. ಅತ್ತು ಅತ್ತು ಸುಸ್ತಾದ ಮೇಲೆ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಫೋನನ್ನು ನನ್ನ ಕಡೆ ತಳ್ಳಿದಳು.

"ಆ ಲ್ಯಾಬಿನ ನಂಬರ್ ಒತ್ತು. ಈ ಕೈಲಿ ಆಗ್ತಿಲ್ಲ. ನಮ್ಮ ಮಣ್ಣಲ್ಲಿ ಏನೂ ಇಲ್ಲ ಅಂತ ನಾನೇ ಹೇಳ್ತೀನಿ."