ಸ್ವಿಚ್ಚಿನ ಮೇಲೊಂದು ಬೊಟ್ಟು

ಸೋದರತ್ತೆಯಿಲ್ಲದೆ ಮಗುವಿಗೆ ಹೆಸರಿಡುವುದುಂಟೇ? ತಮ್ಮ ಪ್ರವೀಣನ ಮಗಳ ಕಿವಿಯಲ್ಲಿ ಮೊದಲು ಹೆಸರು ಉಸುರಬೇಕಾದವಳು ಗಗನಾ. ಅಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಚನ್ನಪಟ್ಟಣದಲ್ಲಿ ತೊಟ್ಟಿಲ ಶಾಸ್ತ್ರ. ಅದಕ್ಕೆಂದೇ ವೆಸ್ಟ್ ಮಾಂಬಲಂನ ಮನೆಯಲ್ಲಿ ನಸುಕಿಗೇ ಎದ್ದು ಪುಳಿಯೋಗರೆ ಕಲಸಿ, ಮೊಸರನ್ನಕ್ಕೆ ಒಗ್ಗರಣೆ ಹಾಕಿ, ಪುರಸೈವಾಕ್ಕಂನ ಅಂಗಡಿಯಲ್ಲಿ ಆರಿಸಿ ತಂದಿದ್ದ ಪುಟ್ಟ ರೇಷ್ಮೆ ಲಂಗವನ್ನು ನಲುಗದಂತೆ ಚೀಲದ ಮೇಲ್ಗಡೆ ಇಟ್ಟಿದ್ದಳು.

ಅಷ್ಟರಲ್ಲಿ ಕೆಳಗಿನಿಂದ ಗಂಡ ರವಿಕಿರಣನ ಕೂಗು. "ಗಗನಾ, ಕಾರು ಚಾರ್ಜೇ ಆಗಿಲ್ಲ ಕಣೇ! ಯಾರೋ ಸ್ವಿಚ್ ಆಫ್ ಮಾಡವ್ರೆ. ಅರ್ಧಕ್ಕೆ ನಿಂತದೆ!"

ರಾತ್ರಿಯಿಡೀ ತುಂಬಬೇಕಿದ್ದ ಬ್ಯಾಟರಿ. ಮತ್ತೆ ತುಂಬಿಸುತ್ತ ಕೂತರೆ ಮಧ್ಯಾಹ್ನವಾಗುತ್ತದೆ. ದಾರಿಯಲ್ಲಿ ಬೇಗ ಚಾರ್ಜ್ ಮಾಡುವ ಮೆಷಿನ್‌ಗಳಿವೆ, ಅಲ್ಲಿಯವರೆಗೆ ಹೇಗೋ ಹೋಗೋಣ ಎಂದು ಹೊರಟರು.

"ಆ ವಾಚ್‌ಮನ್ ತಿರುಮಲಂದೇ ಕೆಲ್ಸ. ವಿಚಾರಿಸ್ಕತೀನಿ," ಎಂದ ರವಿಕಿರಣ.

ಅತ್ತೆ ಹುಚ್ಚಮ್ಮ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳತೊಡಗಿದರು. ಚಪ್ಪಲಿ ಸರಿಯಾಗಿಯೇ ಇತ್ತು. ಮನೆಯವರೆಲ್ಲ ಹಾಗೇ ಬಿಟ್ಟುಬಂದ ಫ್ಯಾನು, ಲೈಟುಗಳನ್ನು ಒಂದೊಂದಾಗಿ ಆರಿಸುತ್ತ ಓಡಾಡುವವರು ಅವರೇ. ಹಿಂದಿನ ಸಂಜೆ ಪಿಳ್ಳೈಯಾರ್ ಗಣಪನ ಗುಡಿಗೆ ಹೋಗಿ ಕೊನೆಯಲ್ಲಿ ಮನೆಗೆ ಬಂದವರೂ ಅವರೇ. ಗಗನಾಳಿಗೆ ಹೊಳೆಯಿತು. ಅವಳು ಅತ್ತೆಗೆ ಕಿಟಕಿ ಪಕ್ಕ ಜಾಗ ಮಾಡಿಕೊಟ್ಟಳು.

ವಾಲಾಜಾಪೇಟೆಯ ಹತ್ತಿರ ನಂಬಿಕೊಂಡಿದ್ದ ಮೆಷಿನ್‌ಗೆ ಗೋಣಿಚೀಲ ಹೊದಿಸಿದ್ದರು. ಕೆಟ್ಟು ವಾರವಾಯಿತಂತೆ. ಇನ್ನೊಂದು ಇರುವುದು ವೆಲ್ಲೂರಿನ ಹತ್ತಿರದ ಹೋಟೆಲಿನಲ್ಲಿ. ಚಾರ್ಜ್ ಉಳಿಯಲೆಂದು ರವಿಕಿರಣ ಕಾರನ್ನು ಎಡಬದಿಗೆ ತಂದು ಮೆಲ್ಲಗೆ ಓಡಿಸತೊಡಗಿದ.

"ಅಪ್ಪಾ, ಟ್ರ್ಯಾಕ್ಟರ್ ಕೂಡ ನಮ್ಮಳ ಓವರ್‌ಟೇಕ್ ಪಣ್ಣುದು!" ಎಂದಳು ಸದಾ ತಮಿಳು ಬೆರೆಸಿ ಮಾತಾಡುವ ಮಗಳು ಮೌನ. ಹೆಸರಷ್ಟೇ ಮೌನ, ಮುಂದಿನ ಸೀಟಿನಲ್ಲಿ ಕೂತು ಪರದೆಯ ಮೇಲಿನ ಅಂಕಿ ಇಳಿದಾಗಲೆಲ್ಲ ಕೂಗಿ ಹೇಳುವ ಕೆಲಸ ಅವಳದು. "ಪದಿನಾರು!" ನೂರರಲ್ಲಿ ಹದಿನಾರು ಪಾಲು ಚಾರ್ಜಷ್ಟೇ ಉಳಿದಿತ್ತು.

"ರವಿ, ನಂಗೆ ಚಳಿಯಾಯ್ತದೆ. ಆ ಏಸಿ ನಿಲ್ಸಪ್ಪ," ಎಂದರು ಹುಚ್ಚಮ್ಮ.

"ಮೇ ತಿಂಗಳಲ್ಲಿ ಅಜ್ಜಿಕ್ಕು ಕುಳಿರುದಾಂ!" ಎಂದು ಮೌನ ನಕ್ಕಳು.

ಏಸಿ ನಿಂತಿತು. ಬೆವರು ಹುಚ್ಚಮ್ಮನ ಕಿವಿಯ ಹಿಂದಿನಿಂದ ಇಳಿದು ರವಿಕೆಯನ್ನು ನೆನೆಸಿತು. ಗಗನಾ ಸೆರಗಿನಿಂದ ಒರೆಸಲು ಹೋದರೆ ಮುಖ ತಿರುಗಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ನನ್ನ ಇಲ್ಲೇ ಇಳಿಸ್ಬುಡು ಮಗ. ಭಾರನಾದ್ರೂ ಕಮ್ಮಿಯಾಯ್ತದೆ. ಬಸ್ಸಲ್ಲಿ ಬತ್ತೀನಿ," ಎಂದರು.

"ನಿನಗಿಂತ ಪುಳಿಯೋಗರೆ ಡಬ್ಬಿನೇ ಭಾರ ಅದೆ. ಸುಮ್ನೆ ಕೂತ್ಕೊಳ್ಳವ್ವ."

ಮೌನ "ನಾಲು" ಎನ್ನುವ ಹೊತ್ತಿಗೆ ಹೋಟೆಲಿನ ಬೋರ್ಡು ಕಾಣಿಸಿತು.

ಕಾರಿಗೆ ವೈರು ಸಿಕ್ಕಿಸಿದ್ದೇ ರವಿಕಿರಣ ಫೋನು ತೆಗೆದ. "ಈಗ ತಿರುಮಲನ್ನ ವಿಚಾರಿಸ್ತೀನಿ."

ಹುಚ್ಚಮ್ಮ ಅವನ ಕೈ ಹಿಡಿದುಕೊಂಡರು. "ಅವನಲ್ಲ ಕಣಪ್ಪ, ನಾನೇ. ಕೆಂಪು ದೀಪ ಸುಮ್ನೆ ಉರೀತಿತ್ತು. ಕಾರೊಳಗೆ ಯಾರೂ ಇರ್ನಿಲ್ಲ. ಯಾರಿಗೋಸ್ಕರ ಉರೀತದೆ ಅಂತ ಆರಿಸ್ಬುಟ್ಟೆ." ಆಮೇಲೆ ಸೊಸೆಯ ಕಡೆ ತಿರುಗಿದರು. "ಹೆಸ್ರು ಹೇಳೋ ನಿನ್ ಭಾಗ್ಯನ ನಾನೇ ಕಳದ್ಬುಟ್ನಲ್ಲವ್ವ."

ರವಿಕಿರಣ ಹೆಂಡತಿಯ ಮುಖ ನೋಡಿ ಫೋನನ್ನು ಜೇಬಿಗಿಳಿಸಿದ. ಗಗನಾ ಮೊಸರನ್ನದ ಡಬ್ಬಿ ಬಿಚ್ಚಿ ಅತ್ತೆಯ ಕೈಗಿಟ್ಟಳು. "ಕಾರೊಂದೇ ಉಂಡ್ರೆ ಸಾಕಾ? ನೀವೂ ಉಣ್ಣಿ. ದಾರಿ ಇನ್ನೂ ಅದೆ."

ಪ್ರವೀಣನಿಗೆ ಫೋನು ಮಾಡಿದಳು. "ಅಕ್ಕಾ, ದೀಪ ಹಚ್ಚಿದ ಮೇಲೆ ಮುಹೂರ್ತ ಜಾಸ್ತಿ ಹೊತ್ತಿಲ್ಲ ಅಂತಾವ್ರೆ ಪುರೋಹಿತರು. ನೀನು ಬರ್ದೆ ಹೋದ್ರೆ ನಮ್ಮ ಚಿಕ್ಕಪ್ಪನ ಮಗಳ ಕೈಲಿ ಹೆಸರು ಹೇಳಿಸ್ತಾರಂತೆ," ಎಂದ ಅವನು. "ಬತ್ತೀವಿ ಕಣೋ," ಎಂದು ಹೇಳಿ ಗಗನಾ ಫೋನು ಇಟ್ಟಳು.

ಕೃಷ್ಣಗಿರಿಯ ಏರು ಹತ್ತುವಾಗ ಅಂಕಿಗಳು ಸರಸರನೆ ಇಳಿದವು. ಹೊಸೂರಿನಲ್ಲಿ ಮತ್ತೆ ಕಾದರು. ಚನ್ನಪಟ್ಟಣದ ಮನೆಯ ಮುಂದೆ ಕಾರು ನಿಂತಾಗ ಒಳಗೆ ದೀಪ ಹಚ್ಚಿಯಾಗಿತ್ತು. ಪ್ರವೀಣ ಓಡಿಬಂದು ಜಗಲಿಯ ಪ್ಲಗ್ಗಿಗೆ ಕಾರಿನ ವೈರು ಸಿಕ್ಕಿಸಿ, "ಬಾಕ್ಕ, ಬೇಗ ಬಾ!" ಎಂದು ಎಳೆದುಕೊಂಡು ಹೋದ.

ತೊಟ್ಟಿಲ ಮುಂದೆ ಬಂದ ಗಗನಾ ಹಿಂತಿರುಗಿ ನೋಡಿದಳು. ಅತ್ತೆ ಇಲ್ಲ. ಹೊರಗೆ ಬಂದರೆ, ಜಗಲಿಯ ಸ್ವಿಚ್ಚಿಗೆ ಬೆನ್ನು ಕೊಟ್ಟು ಕಾವಲು ನಿಂತಿದ್ದಾರೆ.

"ಮಕ್ಕಳುಮರಿ ಓಡಾಡ್ತವೆ. ಯಾರಾದ್ರೂ ಆರಿಸ್ಬುಟ್ರೆ? ನೀ ಹೋಗವ್ವ, ಹೊತ್ತು ಮೀರ್ತದೆ."

ಗಗನಾ ಕೈಚೀಲದಿಂದ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು ತೆಗೆದು ಸ್ವಿಚ್ಚಿನ ಮೇಲೆ ಅಂಟಿಸಿದಳು. "ಇನ್ನು ಯಾರೂ ಮುಟ್ಟಲ್ಲ. ನೀವು ಬರ್ದೆ ನಾನು ಹೆಸರು ಹೇಳಲ್ಲ, ನಡೀರಿ."

ಒಳಗೆ ಎಲ್ಲರೂ ತೊಟ್ಟಿಲ ಸುತ್ತ ನೆರೆದರು. ಗಗನಾ ಬಗ್ಗಿ, ಹಾಲಿನ ವಾಸನೆಯ ಆ ಪುಟ್ಟ ಕಿವಿಯಲ್ಲಿ ಹೆಸರು ಹೇಳಿದಳು. ಮಗು ಕೈಯಾಡಿಸಿತು.

"ಏನಂದೆ? ನಂಗೆ ಕೇಳಿಸ್ನಿಲ್ಲ," ಎಂದರು ಪಕ್ಕದಲ್ಲಿ ನಿಂತ ಹುಚ್ಚಮ್ಮ.

ಬೆವರಿಗೆ ಅಂಟಿದ್ದ ಅವರ ನರೆಗೂದಲನ್ನು ಮೆಲ್ಲಗೆ ಸರಿಸಿ, ಗಗನಾ ಅವರ ಕಿವಿಯಲ್ಲೂ ಆ ಹೆಸರನ್ನು ಹೇಳಿದಳು.